ಕೋಡಿಂಗ್ ಅಷ್ಟಕ್ಕಷ್ಟೇ ಇದ್ದವರಿಗೆ ಕಂಪ್ಯೂಟರ್ ಸೈನ್ಸಿನಲ್ಲಿ ಏನು ಕೆಲಸ?

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಊರು ಗದಗ ಜಿಲ್ಲೆ ರೋಣ ತಾಲ್ಲೂಕು. ಹತ್ತನೆಯ ತನಕ ಕನ್ನಡ ಮಾಧ್ಯಮ. ಗಣಿತ ಬಹಳ ಇಷ್ಟ, ಅದರಲ್ಲೂ ಗ್ರಾಫ್ ಥಿಯರಿ. ಕೋಡಿಂಗ್ ಮಾತ್ರ ಅಷ್ಟಕ್ಕಷ್ಟೇ. ನಮ್ಮ ಮೇಡಂ ಒಬ್ಬರು, ‘ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್ ಅಂತ ಒಂದಿದೆ, ಅದೂ ಗಣಿತವೇ, ವಿಚಾರ ಮಾಡು’ ಅಂದರು. ಅಪ್ಪ, ‘ಸುಮ್ನ ಬಿ.ಇಡಿ. ಮಾಡು, ಸಾಲ್ಯಾಗ ನೌಕರಿ ಆಕ್ಕೇತಿ’ ಅನ್ನುತ್ತಾರೆ. ಈ ದಾರಿ ಹಿಡಿದವರು ದಿನಾ ಮಾಡುವುದೇನು? ಹೊಟ್ಟೆ ತುಂಬುತ್ತದೆಯೇ? ನನ್ನಂಥವಳಿಗೆ ಆಗುವ ಮಾತೇ?

ಉತ್ತರ: ಆಗುವ ಮಾತೇ. ಆದರೆ ನಿಮ್ಮ ಮೇಡಂ ಅರ್ಧ ಹೇಳಿ ಅರ್ಧ ಬಿಟ್ಟಿದ್ದಾರೆ. ಥಿಯರಿ ಗಣಿತವೇ ಹೌದು. ಸಾಧನೆ (ಪ್ರೂಫ್) ಬರೆಯಲು ಬರುವವರಿಗೆ ಅಲ್ಲಿ ಜಾಗ ಇದೆ, ಕೋಡಿಂಗ್ ಸ್ವಲ್ಪ ಹಿಂದೆ ಬಿದ್ದರೂ ನಡೆಯುತ್ತದೆ. ಆದರೆ ಗಣಿತದವರು ‘ಇಂಥದ್ದು ಇದೆ’ ಎಂದು ಸಾಧಿಸಿ ಪೆನ್ನು ಕೆಳಗಿಟ್ಟ ಮೇಲೆ ಇಲ್ಲಿಯವರು ಇನ್ನೊಂದು ಕೇಳುತ್ತಾರೆ: ಇದೆ ಅಂತ ಗೊತ್ತಾಯಿತು, ಹುಡುಕಿ ತೆಗೆಯಲು ಎಷ್ಟು ಹೊತ್ತು ಬೇಕು? ಈ ಎರಡನೆಯ ಪ್ರಶ್ನೆ ನಿಮ್ಮನ್ನು ಕಾಡುತ್ತದೋ ಇಲ್ಲವೋ ನೋಡಿಕೊಳ್ಳಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಸಂಬಳ, ಪರೀಕ್ಷೆ, ಅಪ್ಪನ ಮಾತು ಎಲ್ಲಕ್ಕೂ ಬರುತ್ತೇನೆ. ಮೊದಲು ಕೆಲಸದ ಮಾದರಿ ಒಂದನ್ನು ಕಣ್ಣಮುಂದೆ ಇಡುತ್ತೇನೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ನೀವಿರುವ ಊರಲ್ಲೇ ಸಿಗುತ್ತದೆ.

ಹುಬ್ಬಳ್ಳಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದರೆ ಉಣಕಲ್, ಅಮರಗೋಳ, ನವಲೂರು ದಾಟಿ ಧಾರವಾಡ. ಒಟ್ಟು ಐದು ನಿಲ್ದಾಣ. ಹಾಳೆಯ ಮೇಲೆ ಐದು ಬಿಂದು ಇಟ್ಟು, ಅಕ್ಕಪಕ್ಕದವಕ್ಕೆ ಗೆರೆ ಎಳೆಯಿರಿ. ಗ್ರಾಫ್ ಆಯಿತು. ಈಗ ಕೆಲವು ನಿಲ್ದಾಣಗಳಲ್ಲಿ ಮಾತ್ರ ರಿಪೇರಿ ಗ್ಯಾಂಗ್ ಇಡಬೇಕು; ಯಾವ ನಿಲ್ದಾಣ ತೆಗೆದುಕೊಂಡರೂ ಗ್ಯಾಂಗ್ ಅಲ್ಲೇ ಇರಬೇಕು, ಇಲ್ಲವೇ ಪಕ್ಕದ ನಿಲ್ದಾಣದಲ್ಲಿರಬೇಕು. ಕನಿಷ್ಠ ಎಷ್ಟು ಗ್ಯಾಂಗ್ ಸಾಕು? ಉಣಕಲ್ಲಿಗೆ ಒಂದು, ನವಲೂರಿಗೆ ಒಂದು, ಎರಡೇ ಸಾಕು. ಗ್ರಾಫ್ ಥಿಯರಿಯಲ್ಲಿ ಇದಕ್ಕೆ ಡಾಮಿನೇಷನ್ ಎನ್ನುತ್ತಾರೆ, ನೀವು ಓದಿರುತ್ತೀರಿ. ಇನ್ನೊಂದು ಷರತ್ತು ಹಾಕೋಣ: ಗ್ಯಾಂಗ್ ಇರುವ ನಿಲ್ದಾಣಗಳು ತಮ್ಮತಮ್ಮಲ್ಲೇ ಕೂಡಿಕೊಂಡಿರಬೇಕು, ನಡುವೆ ಖಾಲಿ ನಿಲ್ದಾಣ ಬರಬಾರದು. ಉಣಕಲ್ಲಿಗೂ ನವಲೂರಿಗೂ ನಡುವೆ ಅಮರಗೋಳ ಖಾಲಿ ಬಿದ್ದಿದೆ. ಅದನ್ನೂ ಸೇರಿಸಬೇಕು. ಎರಡು ಹೋಗಿ ಮೂರಾಯಿತು.

ಈ ‘ಕೂಡಿಕೊಂಡ’ ಡಾಮಿನೇಷನ್ನಿನ ಸಂಖ್ಯೆಯನ್ನು ಗಣಿತಕ್ಕೆ ತಂದ ಪ್ರಬಂಧ 1979ರದ್ದು. ಬರೆದವರು ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ. ನಿಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಬೆಳೆದ ಕೆಲಸ ಅದು. ವಾಲೀಕಾರರು ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಮೊಬೈಲ್ ಫೋನು ನಮ್ಮ ಕಡೆ ಯಾರ ಕನಸಿನಲ್ಲೂ ಇಲ್ಲದ ಕಾಲ. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ತಂತಿಯಿಲ್ಲದ ಜಾಲಗಳನ್ನು ಕಟ್ಟುವವರಿಗೆ ಇದೇ ಬೇಕಾಯಿತು. ಟವರ್ ಇಲ್ಲದ ಕಡೆ ಯಂತ್ರಗಳೇ ಒಂದಕ್ಕೊಂದು ಸುದ್ದಿ ದಾಟಿಸಬೇಕಾದರೆ, ಕೆಲವು ಯಂತ್ರಗಳು ಕೂಡಿ ಬೆನ್ನೆಲುಬಿನಂತೆ ನಿಲ್ಲಬೇಕು, ಉಳಿದವು ಅವಕ್ಕೆ ಆತುಕೊಂಡಿರಬೇಕು. ಅಂದರೆ ಕನೆಕ್ಟೆಡ್ ಡಾಮಿನೇಟಿಂಗ್ ಸೆಟ್ಟೇ.

ಗಣಿತದ ಕಡೆಯಿಂದ ಇಲ್ಲಿ ಒಂದು ಚೆಂದದ ಮಾತಿದೆ. ಎಸ್ಸೆಸ್ಸೆಲ್ಸಿಯಲ್ಲಿ ದತ್ತ, ಸಾಧನೀಯ, ಸಾಧನೆ ಎಂದು ಬರೆದ ಕೈಗೆ ಇದು ಕಷ್ಟವಲ್ಲ. ದತ್ತ: ಒಂದೇ ತುಂಡಾಗಿರುವ ಗ್ರಾಫ್, ಕನಿಷ್ಠ ಮೂರು ಬಿಂದು. ಅದರ ಎಲ್ಲ ಬಿಂದುಗಳನ್ನೂ ಮುಟ್ಟುವ ಒಂದು ಟ್ರೀ, ಅಂದರೆ ಸ್ಪ್ಯಾನಿಂಗ್ ಟ್ರೀ, ಆರಿಸಿ. ತುದಿಯ ಎಲೆಗಳನ್ನೆಲ್ಲ, ಅಂದರೆ ಒಂದೇ ಗೆರೆ ತಾಗಿರುವ ಬಿಂದುಗಳನ್ನು, ಕಿತ್ತುಹಾಕಿ. ಉಳಿದ ಬಿಂದುಗಳು ಕೂಡಿಕೊಂಡೇ ಇರುತ್ತವೆ, ಯಾಕೆಂದರೆ ಎಲೆ ಕಿತ್ತರೆ ಗಿಡ ಎರಡು ಹೋಳಾಗುವುದಿಲ್ಲ. ಕಿತ್ತ ಪ್ರತಿ ಎಲೆಯೂ ಉಳಿದ ಯಾವುದೋ ಬಿಂದುವಿನ ಪಕ್ಕದಲ್ಲೇ ಇತ್ತು. ಹಾಗಾಗಿ ಉಳಿದದ್ದು ಕನೆಕ್ಟೆಡ್ ಡಾಮಿನೇಟಿಂಗ್ ಸೆಟ್. ಈಗ ಹಿಂದುಮುಂದಾಗಿ ಬನ್ನಿ: ಅಂಥ ಒಂದು ಸೆಟ್ ಕೈಯಲ್ಲಿದ್ದರೆ ಅದರೊಳಗೆ ಒಂದು ಟ್ರೀ ಕಟ್ಟಿ, ಹೊರಗಿನ ಬಿಂದುಗಳನ್ನೆಲ್ಲ ಪಕ್ಕದವಕ್ಕೆ ಎಲೆಗಳಾಗಿ ನೇತುಹಾಕಿ. ಅಷ್ಟೂ ಎಲೆಗಳಿರುವ ಸ್ಪ್ಯಾನಿಂಗ್ ಟ್ರೀ ಸಿಕ್ಕಿತು. ಆದ್ದರಿಂದ ಅತಿ ಹೆಚ್ಚು ಎಲೆಗಳಿರುವ ಟ್ರೀ ಹುಡುಕುವುದೂ ಅತಿ ಚಿಕ್ಕ ಕನೆಕ್ಟೆಡ್ ಡಾಮಿನೇಟಿಂಗ್ ಸೆಟ್ ಹುಡುಕುವುದೂ ಒಂದೇ. ನಮ್ಮ ರೈಲು ದಾರಿಯಲ್ಲಿ ಎಲೆಗಳು ಎರಡೇ, ಹುಬ್ಬಳ್ಳಿ ಮತ್ತು ಧಾರವಾಡ. ಐದರಲ್ಲಿ ಎರಡು ಕಳೆದರೆ ಮೂರು. ತಾಳೆ ಬಿತ್ತು.

ಈ ಸಾಧನೆ ಓದುವಾಗ ನಿಮಗೆ ಒಳಗೊಳಗೇ ಖುಷಿ ಆಗಿದ್ದರೆ ನೀವು ಗಣಿತದವರು, ಅದರಲ್ಲಿ ಸಂಶಯವಿಲ್ಲ. ಈಗ ಥಿಯರಿಯವರ ಪ್ರಶ್ನೆಗೆ ಬನ್ನಿ. ಗ್ರಾಫ್ ಸರಳ ರೈಲು ದಾರಿ ಅಲ್ಲ, ಹೆಣೆದುಕೊಂಡ ಜಾಲ, 60 ಬಿಂದು ಇವೆ ಎನ್ನಿ. ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡಿದರೆ, ಸೆಕೆಂಡಿಗೆ 10 ಕೋಟಿ ಪರೀಕ್ಷಿಸುವ ಯಂತ್ರಕ್ಕೂ ಸುಮಾರು 365 ವರ್ಷ ಬೇಕು. ಬಿಂದು 50 ಇದ್ದಾಗ ನಾಲ್ಕೂವರೆ ತಿಂಗಳೊಳಗೆ ಮುಗಿಯುತ್ತಿತ್ತು. ಹತ್ತು ಬಿಂದು ಹೆಚ್ಚಾದದ್ದಕ್ಕೆ ಇಷ್ಟು. ಇದಕ್ಕಿಂತ ಜಾಣ ದಾರಿ ಇದೆಯೇ? ಈ ಸಮಸ್ಯೆ ಎನ್‌ಪಿ-ಹಾರ್ಡ್ ಎಂದು ಗೊತ್ತಿದೆ. ಅಂದರೆ 1971ರಲ್ಲಿ ಸ್ಟೀಫನ್ ಕುಕ್, 1972ರಲ್ಲಿ ರಿಚರ್ಡ್ ಕಾರ್ಪ್ ಒಂದೇ ದಾರಕ್ಕೆ ಪೋಣಿಸಿದ ಸಮಸ್ಯೆಗಳ ಜಾತಿಗೆ ಇದೂ ಸೇರಿದ್ದು. ಇದಕ್ಕೆ ಎಲ್ಲ ಗ್ರಾಫ್‌ಗಳಿಗೂ ನಡೆಯುವ ಚುರುಕಾದ ವಿಧಾನ ಸಿಕ್ಕರೆ ಆ ಜಾತಿಯ ಎಲ್ಲಕ್ಕೂ ಸಿಕ್ಕಂತೆ. ಪಿ ಮತ್ತು ಎನ್‌ಪಿ ಒಂದೇನೇ, ಅಂದರೆ ಉತ್ತರವನ್ನು ಬೇಗ ತಾಳೆ ನೋಡಬಹುದಾದ ಸಮಸ್ಯೆಗಳನ್ನೆಲ್ಲ ಬೇಗ ಬಿಡಿಸಲೂಬಹುದೇ, ಎಂಬ ಆ ಪ್ರಶ್ನೆಗೆ ಕ್ಲೇ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಇಟ್ಟಿದೆ. ಹಣ ಇನ್ನೂ ಅಲ್ಲೇ ಇದೆ.

ಅಷ್ಟಕ್ಕೇ ಕೈಬಿಡುವುದಿಲ್ಲ. ನಿಖರ ಉತ್ತರ ಬೇಡ, ಹತ್ತಿರದ್ದು ಸಾಕು ಎಂದರೆ? 1998ರಲ್ಲಿ ಸುದೀಪ್ತೊ ಗುಹ ಮತ್ತು ಸಮೀರ್ ಖುಲ್ಲರ್, ಉತ್ತಮ ಉತ್ತರದ ಲಾಗರಿದಮ್ ಪಟ್ಟಿನೊಳಗೆ ಬರುವ ಸೆಟ್ಟನ್ನು ಬೇಗ ಹುಡುಕುವ ವಿಧಾನ ಕೊಟ್ಟರು. ಅದೇ ವರ್ಷ ಪ್ರಕಟವಾದ ಉರಿಯೇಲ್ ಫೈಗೆ ಅವರ ಫಲಿತಾಂಶದಿಂದ, ಇದನ್ನು ಹೆಚ್ಚು ಸುಧಾರಿಸುವ ಆಸೆ ಇಟ್ಟುಕೊಳ್ಳಬೇಡಿ ಎಂಬುದೂ ಹೊರಬಿತ್ತು. ಇನ್ನೂ ಒಂದು ಕಡೆಯಿಂದ ನೋಡೋಣ: ಬೇಕಾದ ಎಲೆಗಳ ಸಂಖ್ಯೆ ಚಿಕ್ಕದಿದ್ದರೆ, ಗ್ರಾಫ್ ಎಷ್ಟೇ ದೊಡ್ಡದಿದ್ದರೂ ಬೇಗ ಹುಡುಕಬಹುದು. ಆದರೆ ಬೇಕಾದ ಸೆಟ್ಟು ಚಿಕ್ಕದಿದ್ದರೆ ಹಾಗೆ ಆಗುವ ಲಕ್ಷಣ ಇಲ್ಲ. ಒಂದೇ ಎಂದು ಮೇಲೆ ಸಾಧಿಸಿದ ಎರಡು ಸಮಸ್ಯೆಗಳು, ಎಣಿಕೆ ಯಾವ ತುದಿಯಿಂದ ಎಂಬುದರ ಮೇಲೆ ಒಂದು ಸುಲಭ ಒಂದು ಕಠಿಣ! ಪ್ಯಾರಾಮೀಟರೈಸ್ಡ್ ಕಾಂಪ್ಲೆಕ್ಸಿಟಿ ಎಂಬ ಈ ಶಾಖೆಯಲ್ಲಿ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಐಎಂಎಸ್ಸಿ, ಜಗತ್ತಿನ ಮುಂಚೂಣಿಯಲ್ಲಿದೆ. ಅಲ್ಲಿಯ ಸಾಕೇತ್ ಸೌರಭ್ ಅವರಿಗೆ 2021ರ ಭಟ್ನಾಗರ್ ಪ್ರಶಸ್ತಿ ಬಂದದ್ದು ಗಣಿತ ವಿಭಾಗದಲ್ಲಿ. ಗಮನಿಸಿ, ಗಣಿತ ವಿಭಾಗದಲ್ಲಿ.

ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಭಾಗದಲ್ಲಿ ಗ್ರಾಫ್ ಥಿಯರಿ ಓದಿದವರು ಬೇಕಾದಷ್ಟು ಜನ ಇದ್ದಾರೆ, ಆದರೆ ಬಹಳ ಮಂದಿ ಮೊದಲ ಪ್ರಶ್ನೆಗೇ ನಿಂತುಬಿಡುತ್ತಾರೆ. ಖಾರವಾಗಿ ಹೇಳುತ್ತೇನೆ, ಬೇಸರ ಬೇಡ. ಡಾಮಿನೇಷನ್ನಿಗೆ ಹೊಸದೊಂದು ವಿಶೇಷಣ ಅಂಟಿಸಿ, ಪಾಥ್, ಸೈಕಲ್, ವ್ಹೀಲ್, ಕಂಪ್ಲೀಟ್ ಗ್ರಾಫ್ ನಾಲ್ಕಕ್ಕೂ ಬೆಲೆ ಲೆಕ್ಕ ಹಾಕಿ, ಎರಡು ಸುಲಭ ಬೌಂಡ್ ಸೇರಿಸಿ, ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್ಲಿಗೆ ಕಳಿಸಿದರೆ ಅದು ಸಂಶೋಧನೆ ಅಲ್ಲ, ಬಿಲ್ಲಿಂಗ್. ಹಾಗೆ ಪಿಎಚ್.ಡಿ. ಆಗುತ್ತದೆ, ಪ್ರಮೋಷನ್ನೂ ಆಗುತ್ತದೆ. 1979ರ ಪ್ರಬಂಧ ಉಳಿದುಕೊಂಡದ್ದು ಅದರಲ್ಲಿ ಹೊಸ ಹೆಸರಿತ್ತು ಎಂದಲ್ಲ, ಆ ಷರತ್ತು ಸಹಜವಾಗಿತ್ತು, ಅದರಾಚೆ ಕೇಳಲು ಪ್ರಶ್ನೆಗಳಿದ್ದವು. ನಾಳೆ ಯಾರಾದರೂ ನಿಮಗೆ ‘ಒಂದು ಪ್ಯಾರಾಮೀಟರ್ ಕೊಡ್ತೀನಿ, ವರ್ಷಕ್ಕೆ ನಾಲ್ಕು ಪೇಪರ್ ಮಾಡು’ ಎಂದರೆ ನಮಸ್ಕಾರ ಹಾಕಿ ಬನ್ನಿ.

ದಿನಾ ಮಾಡುವುದೇನು ಎಂದು ಕೇಳಿದ್ದೀರಿ. ಹೊರಗಿನಿಂದ ನೋಡಿದವರಿಗೆ ಏನೂ ಮಾಡಿದಂತೆ ಕಾಣುವುದಿಲ್ಲ. ಬೆಳಿಗ್ಗೆ ಆರ್ಕೈವ್ ತಾಣದಲ್ಲಿ ಹೊಸದಾಗಿ ಬಂದ ಪ್ರಬಂಧಗಳ ಪಟ್ಟಿ ನೋಡುವುದು, ಒಂದನ್ನು ಇಳಿಸಿಕೊಂಡು ಮೂರನೆಯ ಪುಟದ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುವುದು, ಜೊತೆಗಾರರೊಂದಿಗೆ ಬೋರ್ಡಿನ ಮುಂದೆ ನಿಂತು ‘ಇದು ಯಾಕೆ ಆಗಬಾರದು’ ಎಂದು ವಾದಿಸುವುದು. ಸಂಜೆಗೆ ಬೋರ್ಡು ಒರೆಸುವುದು. ತಿಂಗಳುಗಟ್ಟಲೆ ಒಂದು ಹೆಜ್ಜೆಯೂ ಮುಂದೆ ಹೋಗದಿರುವುದು ಇಲ್ಲಿ ರೋಗವಲ್ಲ, ಮಾಮೂಲು. ಲ್ಯಾಬ್ ಇಲ್ಲ, ಉಪಕರಣ ಇಲ್ಲ, ಅದು ಅನುಕೂಲ. ಯಾವ ಯಂತ್ರದ ಮೇಲೂ ತಪ್ಪು ಹಾಕುವಂತಿಲ್ಲ, ಅದು ಕಷ್ಟ. ಪಾಠ, ಪರೀಕ್ಷೆ, ಬೇರೆಯವರ ಪ್ರಬಂಧ ತಿದ್ದುವ ಕೆಲಸ ಇದ್ದೇ ಇರುತ್ತವೆ.

ಒಂದು ವಿಚಿತ್ರ ರಿವಾಜು ಇದೆ, ಮೊದಲೇ ತಿಳಿದಿರಲಿ. ಇಲ್ಲಿ ಒಳ್ಳೆಯ ಕೆಲಸ ಮೊದಲು ಬರುವುದು ಜರ್ನಲ್ಲಿನಲ್ಲಲ್ಲ, ಸಮ್ಮೇಳನಗಳಲ್ಲಿ. ಹೊರಗೆ ಸ್ಟಾಕ್, ಫಾಕ್ಸ್, ಸೋಡಾ ಎಂದು ಕರೆಯುವ ಸಮ್ಮೇಳನಗಳು. ನಮ್ಮ ದೇಶದ್ದು ಎಫ್‌ಎಸ್‌ಟಿಟಿಸಿಎಸ್, 1981ರಿಂದ ನಡೆದು ಬಂದಿದೆ. ಲೇಖಕರ ಹೆಸರುಗಳು ಅಕ್ಷರಾನುಕ್ರಮದಲ್ಲಿ ಇರುತ್ತವೆ, ಯಾರು ಹೆಚ್ಚು ಮಾಡಿದರು ಎಂಬ ಲೆಕ್ಕ ಇಲ್ಲ. ಗಣಿತದ ಈ ಸಂಪ್ರದಾಯ ನನಗೆ ಬಹಳ ಮೆಚ್ಚು. ಆದರೆ ‘ಫಸ್ಟ್ ಆಥರ್’ ಎಂದು ಅಂಕ ಹಾಕುವ ಕಮಿಟಿಯ ಮುಂದೆ ಕುಳಿತಾಗ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಂದರ್ಶನದ ಸಮಯ ಮುಗಿದಿರುತ್ತದೆ. ವೈ, ವಿ ಅಕ್ಷರದ ಹೆಸರಿನವರ ಪಾಡು ಕೇಳಲೇಬೇಡಿ.

ಯಾರು ಈ ದಾರಿಯಲ್ಲಿ ಹೋಗಿ ಏನಾದರು? ಅವಿ ವಿಗ್ಡರ್‌ಸನ್ ಅವರನ್ನು ನೋಡಿ: 2021ರಲ್ಲಿ ಗಣಿತದ ಅಬೆಲ್ ಪ್ರಶಸ್ತಿ (ಹಂಗೇರಿಯ ಲಾಸ್ಲೋ ಲೋವಾಸ್ ಜೊತೆ), ಆಮೇಲೆ ಕಂಪ್ಯೂಟರಿನವರ 2023ರ ಟ್ಯೂರಿಂಗ್ ಪ್ರಶಸ್ತಿ. ಎರಡನ್ನೂ ಪಡೆದವರು ಅವರೊಬ್ಬರೇ. ಇದು ಗಣಿತವೋ ಕಂಪ್ಯೂಟರ್ ಸೈನ್ಸೋ ಎಂದು ಜಗಳಾಡುವವರಿಗೆ ಇಷ್ಟು ಸಾಕು. ಆದರೆ ನಿಮಗೆ ಹತ್ತಿರದ ಹೆಸರು ಬೇರೆ. ಬೆಳಗಾವಿ, ನಿಪ್ಪಾಣಿ ದಾಟಿದರೆ ಇಚಲಕರಂಜಿ ಸಿಗುತ್ತದಲ್ಲ, ವಿದ್ಯುತ್ ಮಗ್ಗಗಳ ಊರು. ಸುಭಾಷ್ ಖೋತ್ ಅಲ್ಲಿಯ ಹುಡುಗ. ಐಐಟಿ ಬಾಂಬೆ, ಅಲ್ಲಿಂದ ಪ್ರಿನ್ಸ್‌ಟನ್. 2002ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ‘ಯೂನಿಕ್ ಗೇಮ್ಸ್’ ಎಂಬ ಊಹೆಯನ್ನು ಮುಂದಿಟ್ಟರು. 2014ರಲ್ಲಿ ಕಂಪ್ಯೂಟರ್ ಸೈನ್ಸಿನ ಗಣಿತಕ್ಕೆ ಕೊಡುವ ನೆವನ್‌ಲಿನ್ನಾ ಪ್ರಶಸ್ತಿ ಬಂತು. ಆ ಊಹೆಯ ಬಲ ಎಂಥದ್ದು ನೋಡಿ. ಗ್ರಾಫಿನ ಪ್ರತಿ ಗೆರೆಗೂ ಕನಿಷ್ಠ ಒಂದು ತುದಿ ಆಯ್ಕೆಯಾಗಿರಬೇಕು, ಹಾಗೆ ಕಡಿಮೆ ಬಿಂದು ಆರಿಸಬೇಕು. ಇದು ವರ್ಟೆಕ್ಸ್ ಕವರ್. ಮೂಢ ವಿಧಾನ: ಮುಚ್ಚದ ಯಾವುದೋ ಗೆರೆ ಹಿಡಿ, ಎರಡೂ ತುದಿ ತೆಗೆದುಕೋ, ಮತ್ತೆ ಮಾಡು. ಉತ್ತಮ ಉತ್ತರವೂ ಆ ಗೆರೆಗೆ ಒಂದು ತುದಿಯನ್ನಾದರೂ ತೆಗೆದುಕೊಂಡೇ ಇರಬೇಕು, ಹಾಗಾಗಿ ನಮ್ಮದು ಅದರ ಎರಡು ಪಟ್ಟು ಮೀರದು. ಖೋತ್ ಮತ್ತು ಓಡೆಡ್ ರೆಗೆವ್ ತೋರಿಸಿದ್ದೇನೆಂದರೆ, ಆ ಊಹೆ ನಿಜವಾದರೆ ಈ ಎರಡು ಪಟ್ಟನ್ನು 1.99 ಪಟ್ಟಿಗೆ ಇಳಿಸುವ ಚುರುಕಾದ ವಿಧಾನವೂ ಎನ್‌ಪಿ-ಹಾರ್ಡ್ ಸಮಸ್ಯೆ ಬಿಡಿಸಿದಷ್ಟೇ ಕಷ್ಟ. ಕ್ಲಾಸಿನಲ್ಲಿ ಎರಡು ನಿಮಿಷಕ್ಕೆ ಹೇಳುವ ವಿಧಾನದ ಮುಂದೆ ಜಗತ್ತೇ ನಿಂತಿದೆ.

ಇನ್ನೊಂದು, ಪಿಯುಸಿ ಗಣಿತ ಸಾಕಾಗುವ ಆರಂಭ. ದ್ವಿಪದ ಪ್ರಮೇಯ ನೆನಪಿದೆಯಲ್ಲ? ಘಾತ ಅವಿಭಾಜ್ಯ ಸಂಖ್ಯೆಯಾದರೆ ಎರಡು ತುದಿ ಬಿಟ್ಟು ನಡುವಿನ ಎಲ್ಲ ಗುಣಾಂಕಗಳೂ ಆ ಸಂಖ್ಯೆಯಿಂದ ಭಾಗವಾಗುತ್ತವೆ. ಅವಿಭಾಜ್ಯ ಅಲ್ಲದಿದ್ದರೆ ಎಲ್ಲವೂ ಆಗುವುದಿಲ್ಲ. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದಕ್ಕೆ ಪಕ್ಕಾ ಪರೀಕ್ಷೆ. ತೊಂದರೆ ಏನೆಂದರೆ ನೂರು ಅಂಕಿಯ ಸಂಖ್ಯೆಗೆ ಅಷ್ಟು ಗುಣಾಂಕ ಬರೆಯಲು ಜಗತ್ತಿನ ಕಾಗದ ಸಾಲದು. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಆ ಬಹುಪದವನ್ನು ಒಂದು ಚಿಕ್ಕ ಬಹುಪದದಿಂದ ಭಾಗಿಸಿ ಶೇಷವನ್ನಷ್ಟೇ ನೋಡಿದರೂ ಸಾಕು, ಅದೂ ಕೆಲವೇ ಸಲ, ಎಂದು ಸಾಧಿಸಿದರು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್. ಮುಗಿಸಿದ ಹುಡುಗರು. ಪ್ರಬಂಧ 2004ರಲ್ಲಿ ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಬಂತು, 2006ರಲ್ಲಿ ಥಿಯರಿಯ ಪ್ರಬಂಧಗಳಿಗೆ ಕೊಡುವ ಗೋಡೆಲ್ ಪ್ರಶಸ್ತಿ. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು; 2021ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಬಂದದ್ದೂ ಗಣಿತಕ್ಕೇ.

ಇವರೆಲ್ಲ ಐಐಟಿಯವರು, ನಾನು ಬಿ.ಎಸ್ಸಿ.ಯವಳು ಎನ್ನುತ್ತೀರಿ. ಸರಿಯೇ. ಪ್ರಶಸ್ತಿ ಪಡೆದವರ ಕಥೆ ಹೇಳಿ ಹುರಿದುಂಬಿಸುವುದು ಸುಲಭ, ದಾರಿ ಹೇಳುವುದು ಬೇರೆ. ಹೇಳುತ್ತೇನೆ.

ಮೊದಲು ಪಾಠ. ಬಿ.ಎಸ್ಸಿ. ಸಿಲಬಸ್ಸಿನಲ್ಲಿ ಕಲನ, ಡಿಫರೆನ್ಷಿಯಲ್ ಈಕ್ವೇಷನ್ ತುಂಬಿಕೊಂಡಿರುತ್ತದೆ, ಅವು ಇಲ್ಲಿ ಕಡಿಮೆ ಬಳಕೆಗೆ ಬರುತ್ತವೆ. ನಿಜವಾದ ಆಯುಧ ಎರಡು: ಲೀನಿಯರ್ ಆಲ್ಜೀಬ್ರಾ ಮತ್ತು ಪ್ರಾಬಬಿಲಿಟಿ. ಮ್ಯಾಟ್ರಿಕ್ಸ್ ಗುಣಿಸಲು ಬಂದರೆ ಸಾಲದು. ಐಗನ್‌ವ್ಯಾಲ್ಯೂ ನೋಡಿ ಗ್ರಾಫ್ ಎಷ್ಟು ಗಟ್ಟಿಯಾಗಿ ಹೆಣೆದಿದೆ ಎಂದು ಹೇಳುವಷ್ಟು ಸಲಿಗೆ ಬೇಕು. ಅವುಗಳ ಬೆನ್ನಿಗೆ ಆಲ್ಗಾರಿದಮ್ಸ್, ಆಟೊಮ್ಯಾಟಾ, ಕಾಂಪ್ಲೆಕ್ಸಿಟಿ. ಈ ಮೂರಕ್ಕೂ ಎನ್‌ಪಿಟೆಲ್‌ನಲ್ಲಿ ಐಐಟಿ, ಸಿಎಂಐ (ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್) ಮೇಷ್ಟ್ರುಗಳ ವಿಡಿಯೋ ಪಾಠ ಪುಕ್ಕಟೆ ಸಿಗುತ್ತವೆ. ಕೋಡಿಂಗ್ ಬಗ್ಗೆ ಹೆದರಿಕೆ ಬಿಡಿ, ಹಾಗಂತ ಪೂರ್ತಿ ಕೈ ತೊಳೆದುಕೊಳ್ಳಬೇಡಿ. ಪೈಥಾನಿನಲ್ಲಿ ಒಂದು ಗ್ರಾಫ್ ಓದಿಸಿ ಅದರ ಮೇಲೆ ಬಿಎಫ್‌ಎಸ್ (ಒಂದು ಬಿಂದುವಿನಿಂದ ಹೊರಟು ಸುತ್ತಲಿನವನ್ನು ಪದರ ಪದರವಾಗಿ ನೋಡುವ ವಿಧಾನ) ಓಡಿಸುವಷ್ಟು ಬಂದರೆ ಸಾಕು. ಚಿಕ್ಕ ಗ್ರಾಫ್‌ಗಳ ಮೇಲೆ ನಿಮ್ಮ ಊಹೆಯನ್ನು ಪರೀಕ್ಷಿಸಿ ನೋಡಲು ಅದು ಬೇಕಾಗುತ್ತದೆ. ಗೇಟ್ ಪರೀಕ್ಷೆಯಲ್ಲಿ ಸಿಎಸ್ ಪತ್ರಿಕೆ ಬರೆಯುವುದಾದರೆ ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್ ಎಲ್ಲ ಓದಬೇಕಾಗುತ್ತದೆ, ಅದು ಬೇರೆ ಮಾತು.

ಈಗ ಎರಡನೆಯ ವರ್ಷದಲ್ಲಿದ್ದೀರಿ, ಸಮಯ ಕೈಯಲ್ಲಿದೆ. ಬರುವ ಬೇಸಿಗೆಗೆ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರಕ್ಕೆ ಅರ್ಜಿ ಹಾಕಿ. 1993ರಲ್ಲಿ ಪ್ರೊ. ಎಸ್. ಕುಮರೇಶನ್ ಶುರು ಮಾಡಿದ್ದು, ದೇಶದ ಬೇರೆಬೇರೆ ಕಡೆ ನಡೆಯುತ್ತದೆ, ಊಟ ವಸತಿ ಅವರದೇ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ಬೋರ್ಡಿಗೆ ಕರೆದು ‘ಯಾಕೆ’ ಎಂದು ಕೇಳುತ್ತಾರೆ. ಮೊದಲ ವಾರ ಅಳು ಬಂದರೂ ಬರಬಹುದು. ಭಾರತೀಯ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಷಿಪ್ಪೂ ಇದೆ. ಅದಕ್ಕೂ ಹತ್ತಿರ ಬೇಕೆಂದರೆ ಐಐಟಿ ಧಾರವಾಡ. 2016ರಲ್ಲಿ ವಾಲ್ಮಿ ಆವರಣದಲ್ಲಿ ಶುರುವಾಗಿ ಈಗ ಚಿಕ್ಕಮಲ್ಲಿಗವಾಡದ ಸ್ವಂತ ಕ್ಯಾಂಪಸ್ಸಿನಲ್ಲಿದೆ. ಅಲ್ಲಿಯ ಸಿಎಸ್ ವಿಭಾಗದಲ್ಲಿ ಥಿಯರಿ ಮಾಡುವ ಮೇಷ್ಟ್ರು ಇದ್ದಾರೆ. ವಿಭಾಗದ ಪುಟ ತೆರೆದು ಯಾರು ಏನು ಮಾಡುತ್ತಾರೆ ನೋಡಿ, ಒಬ್ಬರ ಒಂದು ಪ್ರಬಂಧದ ಮೊದಲ ಎರಡು ಪುಟ ನಿಜವಾಗಿ ಓದಿ, ಅರ್ಥವಾಗದ ಒಂದು ಜಾಗ ಗುರುತಿಸಿ ಮೇಲ್ ಬರೆಯಿರಿ. ‘ನನಗೆ ಸಂಶೋಧನೆಯಲ್ಲಿ ಅಪಾರ ಆಸಕ್ತಿ’ ಎಂಬ ಮೇಲ್ ಅವರಿಗೆ ದಿನಕ್ಕೆ ಹತ್ತು ಬರುತ್ತವೆ. ‘ನಿಮ್ಮ ಲೆಮ್ಮಾ ಎರಡರಲ್ಲಿ ಈ ಹೆಜ್ಜೆ ಯಾಕೆ’ ಎಂಬುದು ಅಪರೂಪ.

ಬಿ.ಎಸ್ಸಿ. ನಂತರ ದಾರಿ ಎರಡು. ಒಂದು, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್. ಗಣಿತದ ಹಿನ್ನೆಲೆಯವರನ್ನು ತೆಗೆದುಕೊಳ್ಳುತ್ತಾರೆ, ಪ್ರವೇಶ ಪರೀಕ್ಷೆ ಕಠಿಣ, ಸಿಎಸ್ ಬುನಾದಿಯನ್ನು ನೀವೇ ಹಾಕಿಕೊಂಡು ಹೋಗಬೇಕು. ಎರಡು, ಎಂ.ಎಸ್ಸಿ. ಗಣಿತ, ಜಾಮ್ ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲೋ, ಇಲ್ಲೇ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ; ಆಮೇಲೆ ಥಿಯರಿಯಲ್ಲಿ ಪಿಎಚ್.ಡಿ. ಐಎಂಎಸ್ಸಿಗೆ ಜೆಸ್ಟ್ ಪರೀಕ್ಷೆಯಲ್ಲಿ ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸಿಗೇ ಬೇರೆ ಪತ್ರಿಕೆ ಇದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್‌ಗೆ ಅವರದೇ ಪರೀಕ್ಷೆ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆ, ಅಂದರೆ ಐಎಸ್‌ಐಯಲ್ಲಿ ಗಣಿತದ ಎಂ.ಎಸ್ಸಿ.ಯವರೂ ಕಂಪ್ಯೂಟರ್ ಸೈನ್ಸ್ ಎಂ.ಟೆಕ್. ಸೇರಬಹುದು. ನನ್ನನ್ನು ಕೇಳಿದರೆ ನಿಮಗೆ ಎರಡನೆಯ ದಾರಿ. ಕಾರಣ ಇದು.

ಕೆಲಸ ಕೊಡುವ ಕಡೆ ಒಂದು ಬೇಲಿ ಇದೆ, ಯಾರೂ ಮೊದಲೇ ಹೇಳುವುದಿಲ್ಲ. ಇಂಜಿನಿಯರಿಂಗ್ ಕಾಲೇಜುಗಳ ಸಿಎಸ್ ವಿಭಾಗಕ್ಕೆ ತಾಂತ್ರಿಕ ಶಿಕ್ಷಣದ ಮಂಡಳಿ ಎಐಸಿಟಿಇಯ ನಿಯಮದ ಪ್ರಕಾರ ಬಿ.ಇ., ಎಂ.ಟೆಕ್. ಸಾಲಿನ ಪದವಿಗಳು ಬೇಕು. ಬಿ.ಎಸ್ಸಿ. ಗಣಿತ, ಎಂ.ಎಸ್ಸಿ. ಗಣಿತ, ಆಮೇಲೆ ಎಷ್ಟೇ ಒಳ್ಳೆಯ ಜಾಗದಲ್ಲಿ ಸಿಎಸ್ ಪಿಎಚ್.ಡಿ. ಮಾಡಿದರೂ ಅಂಥ ಜಾಹೀರಾತಿಗೆ ಅರ್ಜಿಯೇ ನಿಲ್ಲದಿರಬಹುದು. ಐಐಟಿಗಳು, ಸಂಶೋಧನಾ ಸಂಸ್ಥೆಗಳು ಈ ಜಾತಕ ನೋಡುವುದಿಲ್ಲ, ಪಿಎಚ್.ಡಿ. ಮತ್ತು ಪ್ರಬಂಧ ನೋಡುತ್ತವೆ. ಆದರೆ ಆ ಬಾಗಿಲು ಕಿರಿದು. ಎಂ.ಎಸ್ಸಿ. ಗಣಿತ ಜೊತೆಗಿದ್ದರೆ, ಗಣಿತದಲ್ಲಿ ನೆಟ್ ಅಥವಾ ಕೆಸೆಟ್ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆ ಮುಗಿಸಿಟ್ಟುಕೊಂಡರೆ, ಡಿಗ್ರಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗಣಿತ ವಿಭಾಗದ ಬಾಗಿಲು ತೆರೆದೇ ಇರುತ್ತದೆ. ಎಂ.ಎಸ್ಸಿ. ಮುಗಿಯುವ ಹೊತ್ತಿಗೆ ಸಿಎಸ್‌ಐಆರ್ ನೆಟ್ ಬರೆಯಿರಿ, ಜೆಆರ್‌ಎಫ್ (ಪಿಎಚ್.ಡಿ. ಮಾಡಲು ತಿಂಗಳಿಗೆ ಕೊಡುವ ಫೆಲೋಷಿಪ್) ಬಂದರೆ ಇನ್ನೂ ಒಳ್ಳೆಯದು.

ಇನ್ನು ಹಣ. 2023ರ ಪರಿಷ್ಕರಣೆಯ ಪ್ರಕಾರ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದರೆ 42,000, ಮನೆಬಾಡಿಗೆ ಭತ್ಯೆ ಬೇರೆ. ಒಬ್ಬರ ಜೀವನ ನಡೆಯುತ್ತದೆ, ಊರಿಗೂ ಸ್ವಲ್ಪ ಕಳಿಸಬಹುದು. ಪಿಎಚ್.ಡಿ.ಗೆ ಐದಾರು ವರ್ಷ. ಆಮೇಲೆ ಪೋಸ್ಟ್‌ಡಾಕ್, ಅಂದರೆ ತಾತ್ಕಾಲಿಕ ಸಂಶೋಧನಾ ಹುದ್ದೆ, ಬಹಳಷ್ಟು ಸಲ ಪರದೇಶದಲ್ಲಿ, ಎರಡರಿಂದ ನಾಲ್ಕು ವರ್ಷ. ಕಾಯಂ ಕೆಲಸ ಸಿಗುವಾಗ ಮೂವತ್ತು ದಾಟಿರುತ್ತದೆ. ಐಐಟಿಯ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಮೂಲವೇತನ 1,01,500ರಿಂದ ಆರಂಭ, ಯುಜಿಸಿ ವೇತನದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ 57,700ರಿಂದ. ಐಟಿ ಕಂಪನಿ ಸೇರಿದ ನಿಮ್ಮ ಗೆಳತಿ ಅಷ್ಟರಲ್ಲಿ ಹುಬ್ಬಳ್ಳಿ ವಿದ್ಯಾನಗರದಲ್ಲಿ ಫ್ಲ್ಯಾಟ್ ತೆಗೆದುಕೊಂಡಿರುತ್ತಾಳೆ. ಮನೆಯಲ್ಲಿ ಮದುವೆಯ ಮಾತು ಶುರುವಾಗಿ ಎಷ್ಟೋ ವರ್ಷ ಆಗಿರುತ್ತದೆ. ಹುಡುಗರಿಗಿಂತ ಹುಡುಗಿಯರು ಈ ನಡುದಾರಿಯಲ್ಲೇ ಹೆಚ್ಚು ಬಿಟ್ಟುಹೋಗುವುದನ್ನು ಕಂಡಿದ್ದೇನೆ, ಬುದ್ಧಿ ಸಾಲದೆ ಅಲ್ಲ, ಪೋಸ್ಟ್‌ಡಾಕ್‌ಗೆ ಹೊರದೇಶಕ್ಕೆ ಹೋಗುವ ವರ್ಷವೂ ಮನೆಯವರ ಒತ್ತಡದ ವರ್ಷವೂ ಒಂದೇ ಆಗಿ. ಇದನ್ನು ಮುಂಚೆಯೇ ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ.

ನಡುವೆ ಬಿಟ್ಟರೂ ಕೈ ಖಾಲಿ ಆಗುವುದಿಲ್ಲ. ಕ್ವಾಂಟಮ್ ಕಂಪ್ಯೂಟರ್ ಬಂದರೂ ಒಡೆಯದ ಗೂಢಲಿಪಿಗೆ ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟಿನಲ್ಲಿ ಮೊದಲ ಮಾನದಂಡಗಳನ್ನು ಹೊರಡಿಸಿತು. ಅವುಗಳಲ್ಲಿ ಮುಖ್ಯವಾದವು ನಿಂತಿರುವುದು ಲ್ಯಾಟಿಸ್ ಎಂಬ ಗಣಿತದ ಮೇಲೆ, ಅಂದರೆ ಲೀನಿಯರ್ ಆಲ್ಜೀಬ್ರಾ ಮತ್ತು ‘ಇದನ್ನು ಹುಡುಕುವುದು ಕಷ್ಟ’ ಎಂಬ ಊಹೆಗಳ ಮೇಲೆ. ಬ್ಯಾಂಕು, ಸರ್ಕಾರ, ಮೊಬೈಲ್ ಕಂಪನಿ ಎಲ್ಲರೂ ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಬೇಕು. ಆ ಕೆಲಸಕ್ಕೆ ಜನ ಬೇಕು.

ಇಂಗ್ಲಿಷಿನ ಚಿಂತೆ ನೀವು ಬಾಯಿಬಿಟ್ಟು ಹೇಳಿಲ್ಲ, ಆದರೆ ‘ಹತ್ತನೆಯ ತನಕ ಕನ್ನಡ ಮಾಧ್ಯಮ’ ಎಂದು ಬರೆದದ್ದು ಅದಕ್ಕೇ ಅಂದುಕೊಂಡಿದ್ದೇನೆ. ಗಣಿತದ ಇಂಗ್ಲಿಷ್ ಐನೂರು ಪದಗಳ ಭಾಷೆ, ಆರು ತಿಂಗಳಲ್ಲಿ ಹಿಡಿತಕ್ಕೆ ಬರುತ್ತದೆ. ಮಾತಾಡುವ ಇಂಗ್ಲಿಷ್ ನಿಧಾನ. ಸೆಮಿನಾರಿನಲ್ಲಿ ತಡವರಿಸಿದರೂ ಸಾಧನೆ ಸರಿ ಇದ್ದರೆ ಯಾರೂ ನಗುವುದಿಲ್ಲ. ರಷ್ಯನ್ನರು, ಹಂಗೇರಿಯವರು, ಚೀನೀಯರು ನಮಗಿಂತ ಹೆಚ್ಚು ತಡವರಿಸಿಕೊಂಡೇ ಈ ಶಾಸ್ತ್ರ ಕಟ್ಟಿದ್ದಾರೆ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ, ಮುಂದಕ್ಕೆ ಹಾಕಿ. ಬಿ.ಇಡಿ. ಎಂ.ಎಸ್ಸಿ. ನಂತರವೂ ಮಾಡಬಹುದು, ಮತ್ತು ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕ ಹುದ್ದೆಗೆ ಎಂ.ಎಸ್ಸಿ., ಬಿ.ಇಡಿ. ಎರಡೂ ಬೇಕು. ಹಾಗಾಗಿ ‘ಈಗ ಎಂ.ಎಸ್ಸಿ., ಅದು ಮುಗಿಯುವಷ್ಟರಲ್ಲಿ ಪಿಎಚ್.ಡಿ. ಸೀಟು ಇಲ್ಲವೇ ಜೆಆರ್‌ಎಫ್ ಬಂದರೆ ಆ ದಾರಿ, ಬರದಿದ್ದರೆ ಮರುವರ್ಷವೇ ಬಿ.ಇಡಿ.’ ಎಂದು ಅವರೊಂದಿಗೆ ಕರಾರು ಮಾಡಿಕೊಳ್ಳಿ. ಎರಡು ವರ್ಷದ ಮಾತು ಅಷ್ಟೇ ಎಂದರೆ ಒಪ್ಪುತ್ತಾರೆ. ಅಷ್ಟರೊಳಗೆ ಎಂಟಿಟಿಎಸ್ ಅರ್ಜಿಯ ಕೊನೆಯ ದಿನಾಂಕ ನೋಡಿಕೊಳ್ಳಿ, ಮೇಡಂ ಹತ್ತಿರ ಶಿಫಾರಸು ಪತ್ರ ಕೇಳಿಡಿ. ಕೊನೆಯ ದಿನ ಕೇಳಿದರೆ ಯಾರೂ ಚೆನ್ನಾಗಿ ಬರೆದುಕೊಡುವುದಿಲ್ಲ.